ಕಿವಿಯ ಮೇಲಿನ ಬೀಡಿ

ಮೊನ್ನೆ ಗಬ್ಬೂರಿನಲ್ಲಿ ಒಬ್ಬ ರೈತ ನನ್ನ ಕಿವಿಯ ಮೇಲೆ ಬೀಡಿ ಸಿಕ್ಕಿಸಿದ. ಅವನ ಮನೆಯ ಪಡಸಾಲೆಯಲ್ಲಿ ರಾಶಿ ಹಾಕಿದ್ದ ಹತ್ತಿ ನೋಡಿ, ದರಕ್ಕೆ ಇಬ್ಬರೂ ಒಪ್ಪಿ ಎದ್ದು ನಿಂತಿದ್ದೆವು. ಮೂವತ್ತರ ಆಸುಪಾಸಿನ ಗಟ್ಟಿ ಆಳು. ಕಟ್ಟು ಬಿಚ್ಚಿ ಮೊದಲು ತನ್ನ ಕಿವಿಯ ಮೇಲೊಂದು ಇಟ್ಟುಕೊಂಡ, ಆಮೇಲೆ ನನ್ನ ಕಿವಿಯ ಮೇಲೊಂದು. ಕಡ್ಡಿಪೆಟ್ಟಿಗೆ ಹೊರಗೆ ಬರಲೇ ಇಲ್ಲ. ಹಚ್ಚದ ಬೀಡಿಗೆ ಒಣ ಎಲೆಯ ವಾಸನೆಯ ಜೊತೆ ತುಸು ಸಿಹಿಯಾದ ಘಾಟು ಇರುತ್ತದೆ. ಸೇದುವವರಿಗೆ ಅದು ತಿಳಿಯುವುದಿಲ್ಲ, ಬಿಟ್ಟವರಿಗೆ ಚೆನ್ನಾಗಿ ತಿಳಿಯುತ್ತದೆ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಆರು ವರ್ಷದ ಹಿಂದಿನ ಒಂದು ಹತ್ತಿ ಸುಗ್ಗಿ ಪೂರ್ತಿ ಕಣ್ಣ ಮುಂದೆ ಬಂದು ನಿಂತಿತು.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಒಂದು ಬೀಡಿಯ ಸುದ್ದಿಗೆ ಇಷ್ಟೊಂದು ರಂಪವೇಕೆ ಅನ್ನಿಸೀತು. ನಾನು ರಾಯಚೂರಿನಲ್ಲಿ, ಹತ್ತಿಯಿಂದ ಕಾಳು ಬೇರ್ಪಡಿಸುವ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ನೋಡುವವನು. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಿಗೆ ಬಸ್ಸಿನಲ್ಲಿ ಹೋಗಿ, ರೈತರ ಮನೆಯಲ್ಲಿರುವ ಹತ್ತಿಯನ್ನು ಪರೀಕ್ಷಿಸಿ, ಇದು ಇಂಥ ಮಾಲು ಎಂದು ಹೇಳುವುದು. ಒಂದು ಚಿಟಿಕೆ ಹತ್ತಿಯನ್ನು ಎರಡೂ ಕೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆಯಬೇಕು. ಎರಡಾದದ್ದನ್ನು ಒಂದರ ಮೇಲೊಂದಿಟ್ಟು ಮತ್ತೆ ಎಳೆಯಬೇಕು. ನಾಲ್ಕೈದು ಸಲ ಹೀಗೆ ಮಾಡಿದರೆ ಎಳೆಗಳು ಬಾಚಿದ ಕೂದಲಿನಂತೆ ಸಾಲಾಗಿ ನಿಲ್ಲುತ್ತವೆ. ಉದ್ದವೆಷ್ಟು, ಕಸುವೆಷ್ಟು ಎಂಬುದು ಬೆರಳಿಗೆ ಗೊತ್ತಾಗುತ್ತದೆ, ಬಾಯಿ ಅದನ್ನು ಬರೀ ಹೇಳುತ್ತದೆ. ಆಮೇಲೆ ಒಂದು ಹತ್ತಿಕಾಳು ಹಲ್ಲಿಗಿಟ್ಟು ಕಡಿಯಬೇಕು. ಟಕ್ಕೆಂದರೆ ಒಣಗಿದೆ, ಮೆತ್ತಗೆ ಕುಸಿದರೆ ಹಸಿ. ಮಿಲ್ಲಿನಲ್ಲಿ ಇದಕ್ಕೆಲ್ಲ ಯಂತ್ರವಿದೆ, ಆದರೆ ಯಂತ್ರ ಗಬ್ಬೂರಿನ ಬಸ್ಸು ಹತ್ತುವುದಿಲ್ಲ. ನನ್ನ ಕೈಗೆ ಸುತ್ತಲಿನ ಹಳ್ಳಿಗಳಲ್ಲಿ ಹೆಸರಿತ್ತು. ಜಂಬ ಅನ್ನಿ, ಅಡ್ಡಿಯಿಲ್ಲ.

ಆ ಕೈಗೇ ಸಂಧಿವಾತ ಬಂತು. ವಯಸ್ಸಾದವರ ಮಂಡಿನೋವಲ್ಲ ಇದು, ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿ ಕೀಲುಗಳ ಮೇಲೆ ಬೀಳುವ ರೋಗ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ನನಗಾಗ ನಲವತ್ತೇಳು. ಬೆಳಿಗ್ಗೆ ಎದ್ದರೆ ಬೆರಳುಗಳು ಬೇರೆ ಯಾರದೋ ಇದ್ದಂತೆ ಬಿಗಿದುಕೊಂಡಿರುತ್ತಿದ್ದವು. ಚೊಂಬು ಹಿಡಿಯಲಾಗದು, ಬೀಗದ ಕೀ ತಿರುಗಿಸಲಾಗದು. ಅಂಗಿಯ ಗುಂಡಿ ಹಾಕುವುದಂತೂ ದೂರದ ಮಾತು. ನನ್ನ ಹೆಂಡತಿ ಶರಣಮ್ಮ ದಿನಾ ಎದುರಿಗೆ ನಿಂತು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಗುಂಡಿ ಹಾಕುತ್ತಿದ್ದಳು. ಆ ಹೊತ್ತಿನಲ್ಲಿ ನಾನು ಅವಳ ಮುಖ ನೋಡದೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ನಾಚಿಕೆಯಾಗುತ್ತಿತ್ತು. ಎರಡು ವರ್ಷ ಗುಳಿಗೆ ನುಂಗಿದರೂ ಬಾವು ಇಳಿದಿರಲಿಲ್ಲ, ಎಡಗೈಯ ಎರಡು ಬೆರಳು ಆಗಲೇ ಪಕ್ಕಕ್ಕೆ ಡೊಂಕಾಗಿದ್ದವು.

ಇನ್ನು ಬೀಡಿ. ದಿನಕ್ಕೆ ಒಂದೂವರೆ ಕಟ್ಟು ಸೇದುತ್ತಿದ್ದೆ, ಇಪ್ಪತ್ತೈದು ವರ್ಷದಿಂದ. ರೋಗ ಬಂದ ಮೇಲೆ ಬೀಡಿಯ ಬಗ್ಗೆ ನನ್ನ ಭಕ್ತಿ ಇನ್ನೂ ಹೆಚ್ಚಾಯಿತು. ಬೆಳಿಗ್ಗೆ ಬಿಗಿದ ಬೆರಳು ಮೂರನೆಯ ಬೀಡಿ ಮುಗಿಯುವ ಹೊತ್ತಿಗೆ ಬಿಡುತ್ತಿದ್ದವು. ಇದು ನಾನೇ ಕಂಡುಹಿಡಿದ ಔಷಧಿ. ಬೀಡಿಯ ಕಾವಿಗೆ ಕೀಲು ಸಡಿಲಾಗುತ್ತದೆ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೆ. ಮೊದಲ ಬೀಡಿಗೆ ಕಡ್ಡಿ ಗೀರಲೂ ನನಗೆ ಆಗುತ್ತಿರಲಿಲ್ಲ, ಶರಣಮ್ಮನೇ ಒಲೆಯಿಂದ ಹಚ್ಚಿ ತುಟಿಗಿಡಬೇಕು. ಅವಳು ಗೊಣಗುತ್ತ ಇಡುತ್ತಿದ್ದಳು.

ಆ ವರ್ಷ ದೀಪಾವಳಿ ಮುಗಿದ ವಾರ, ಮೊದಲ ಹತ್ತಿ ಬಿಡಿಸುವುದು ಶುರುವಾದಾಗ, ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ನನ್ನ ಕೈ ಹಿಡಿದು ಒಂದೊಂದೇ ಗೆಣ್ಣು ಒತ್ತಿ ನೋಡಿದರು.

“ಅಮರೇಶಪ್ಪನವ್ರ, ಗುಳಿಗಿ ಹೆಚ್ಚಿಸ್ಕೋತ ಹೊಂಟೀನಿ, ಬಾವು ಇಳಿವಲ್ದು. ಬೀಡಿ ಎಷ್ಟು ಸೇದ್ತೀರಿ?”

“ಅಲ್ಪ ಸ್ವಲ್ಪರೀ ಮೇಡಂ.”

“ಕಟ್ಟಿನ ಮ್ಯಾಲ ಅರ್ಧ ಕಟ್ಟುರೀ,” ಎಂದಳು ಶರಣಮ್ಮ. ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋದರೆ ಹೀಗೇ.

ಡಾಕ್ಟರಮ್ಮ ಬೈಯಲಿಲ್ಲ. “ಬೀಡಿ ಈ ರೋಗಾನ ಕೆರಳಸ್ತದ. ಗುಳಿಗಿಗೂ ಕೆಲಸ ಮಾಡಗೊಡಂಗಿಲ್ಲ. ನಾ ಈ ಕಡಿಂದ ಬೆಂಕಿ ಆರಸಾಕತ್ತೀನಿ, ನೀವು ಆ ಕಡಿಂದ ಹಚ್ಚಾಕತ್ತೀರಿ,” ಎಂದರು.

“ಬಿಟ್ರ ಬೆರಳು ನೆಟ್ಟಗಾಗ್ತಾವೇನ್ರಿ?”

“ಡೊಂಕಾದ ಎರಡು ಆಗಂಗಿಲ್ಲ. ಉಳಿದ ಎಂಟು ಉಳಸ್ಕೋಬಹುದು. ನಾ ಖಾತ್ರಿ ಕೊಡಂಗಿಲ್ಲ. ಆದ್ರ ಬಿಡದಿದ್ರ ಏನಾಗ್ತದ ಅಂಬೋದು ನಿಮ್ಮ ಕೈಯಾಗ ಕಾಣಾಕತ್ತದಲ್ಲ.”

ಬೇರೆಯವರಿಗೆ ಬೆಂಕಿಯ ಮಾತು ಬರೀ ಮಾತು. ಜಿನ್ನಿಂಗ್ ಮಿಲ್ಲಿನವನಿಗೆ ಹಾಗಲ್ಲ. ಹತ್ತಿಗೆ ಬಿದ್ದ ಕಿಡಿ ಕೂಡಲೇ ಉರಿಯುವುದಿಲ್ಲ. ಅಂಡಿಗೆಯ ಒಳಗೆ, ಅಂದರೆ ಹತ್ತಿ ತುಂಬಿದ ದೊಡ್ಡ ಚೀಲದ ಒಳಗೆ, ಹೊಗೆಯೂ ಕಾಣದಂತೆ ಎರಡು ದಿನ ಸುಡುತ್ತ ಕೂತಿರುತ್ತದೆ. ಹೊರಗಿನಿಂದ ಅಂಡಿಗೆ ಬೆಳ್ಳಗೆ ಗಟ್ಟಿಯಾಗೇ ಇರುತ್ತದೆ. ಬಿಚ್ಚಿದಾಗ ಒಳಗೆ ಕರಕಲು. ನಾನು ಒಮ್ಮೆ ಕಣ್ಣಾರೆ ಕಂಡಿದ್ದೆ. ಮನೆಗೆ ಬರುವಾಗ ಆಟೋದಲ್ಲಿ ನನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತೆ. ಹೆದರಿಕೆಯಾಯಿತು.

ಅದೇ ವಾರ ಮಿಲ್ಲಿನ ಮಾಲೀಕರು, ನಮ್ಮ ಸಾವ್ಕಾರರು, ಕರೆಸಿದರು. ಅವರು ಕೆಟ್ಟವರಲ್ಲ. “ಅಮರೇಶಪ್ಪ, ನಿನ್ನ ಕೈ ನೋಡಾಕತ್ತೀನಿ. ಶಿವರಾತ್ರಿ ಮಟ ನೋಡೋಣು. ಸುಧಾರಸಲಿಲ್ಲಂದ್ರ ಮುಂದಿನ ವರ್ಷದಿಂದ ಕಾಟಾದ ಮುಂದ ಕುಂದ್ರುವಂತಿ. ಪಗಾರ ಕಡಿಮಿ ಮಾಡಂಗಿಲ್ಲ,” ಎಂದರು. ಅವರು ಪ್ರೀತಿಯಿಂದ ಹೇಳಿದ್ದೇ ನನಗೆ ಹೆಚ್ಚು ಉರಿಯಿತು. ತೂಕದ ಕಾಟಾದ ಮುಂದೆ ಯಾರು ಬೇಕಾದರೂ ಕೂರಬಹುದು. ಹತ್ತಿ ನೋಡುವ ಕೈ ನನ್ನದು.

ಮಿಲ್ಲಿನ ಗೇಟಿನಲ್ಲಿ ಖಾಜಾಸಾಬ್ ಎಂಬ ಹಿರಿಯ ಕಾವಲುಗಾರರಿದ್ದರು. ಒಳಗೆ ಹೋಗುವ ಎಲ್ಲರ ಬೀಡಿ, ಕಡ್ಡಿಪೆಟ್ಟಿಗೆ ಇಸಿದುಕೊಂಡು ಒಂದು ತಗಡಿನ ಡಬ್ಬಿಯಲ್ಲಿ ಹಾಕಿಡುವುದು ಅವರ ಕೆಲಸ. ಸಂಜೆ ಯಾರದು ಯಾವುದೆಂದು ತಪ್ಪದೆ ವಾಪಸು ಕೊಡುವರು, “ತಗೋರ್ರಿ ನಿಮ್ಮ ಅಮಾನತ್ತು,” ಎಂದು. ಮರುದಿನ ನಾನು ಅವರ ಕೈಗೆ ತುಂಬಿದ ಕಟ್ಟನ್ನು ಕೊಟ್ಟು, “ಇದನ್ನ ನಾ ಕೇಳಿದ್ರೂ ಕೊಡಬ್ಯಾಡ್ರಿ,” ಎಂದೆ. ಸಂಜೆ ಐದಕ್ಕೇ ಕೇಳಿದೆ.

“ಕೊಡಂಗಿಲ್ಲ,” ಎಂದರು ಖಾಜಾಸಾಬ್.

“ಖಾಜಾಸಾಬ್, ತಮಾಷಿ ಮಾಡಬ್ಯಾಡ್ರಿ. ನನ್ನ ಬೀಡಿ ಅವು.”

“ನಿಮ್ಮವಽ. ಮುಂಜಾನಿ ಅಮರೇಶಪ್ಪ ಇಟ್ಟು ಹೋಗ್ಯಾರ. ಸಂಜಿ ಅಮರೇಶಪ್ಪಗ ಕೊಡಬ್ಯಾಡ ಅಂತ ಅವ್ರ ಹೇಳ್ಯಾರ. ನಾ ಯಾರ ಮಾತು ಕೇಳ್ಲಿ?”

ಎದುರಿನ ಅಂಗಡಿಯಲ್ಲಿ ಹೊಸ ಕಟ್ಟು ಕೊಳ್ಳಲು ಯಾರೂ ಅಡ್ಡ ಬಂದಿರಲಿಲ್ಲ. ಆದರೆ ಆ ಮನುಷ್ಯ ಬೆನ್ನ ಹಿಂದೆ ನೋಡುತ್ತ ನಿಂತಿದ್ದಾನೆಂದು ಗೊತ್ತಿದ್ದೇ ಸೀದಾ ನಡೆದುಬಿಟ್ಟೆ.

ಮರುದಿನ ಬೆಳಿಗ್ಗೆಯೇ ನಿಜವಾದ ಪರೀಕ್ಷೆ. ಬೀಡಿ ಇಲ್ಲದೆ ಬೆರಳು ಬಿಡುವುದು ಹೇಗೆ? ದಿನವಿಡೀ ಮುಷ್ಟಿಯಲ್ಲೇ ಇರಬೇಕಾದೀತು ಎಂದುಕೊಂಡೆ. ಶರಣಮ್ಮ ಹಿತ್ತಾಳೆ ಚೊಂಬಿನಲ್ಲಿ ಬಿಸಿನೀರು ತಂದು ಎರಡೂ ಅಂಗೈ ನಡುವೆ ಇಟ್ಟಳು. ನಾನು ಗೋಡೆ ಗಡಿಯಾರವನ್ನು ನುಂಗುವವನಂತೆ ನೋಡುತ್ತ, ಇಡೀ ಮನೆಗೆ ಸಿಡುಕುತ್ತ ಕೂತೆ. ಏಳೂವರೆ ಆಯಿತು. ಎಂಟಾಯಿತು. ಎಂಟೂಕಾಲಿಗೆ ತೋರುಬೆರಳು ಅಲುಗಿತು. ಎಂಟೂವರೆಗೆ, ಮೂರನೆಯ ಬೀಡಿ ಮುಗಿಯುತ್ತಿದ್ದ ಅದೇ ಹೊತ್ತಿಗೆ, ಎಲ್ಲ ಬೆರಳೂ ದಿನದಂತೆಯೇ ಬಿಟ್ಟುಕೊಂಡವು. ಬೀಡಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಹೊತ್ತೇರಿದರೆ ಅವು ತಾವಾಗಿಯೇ ಬಿಡುತ್ತಿದ್ದವು.

ಶರಣಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. “ನನ್ನ ಕೋಳಿ ಕೂಗಿದ್ರನ ಬೆಳಕಾಗ್ತದ ಅಂತಿದ್ಲಂತ ಒಬ್ಬಾಕಿ ಮುದುಕಿ. ಆಕೀನ ನಾ ನೋಡಿದ್ದಿಲ್ಲ. ಈಗ ನೋಡಿದೆ.”

ನನಗೆ ನಗು ಬರಲಿಲ್ಲ. ಎರಡು ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗಿದ ಔಷಧಿ ಅದು.

ಎಂಟು ದಿನ ಹಾಗೂ ಹೀಗೂ ತಳ್ಳಿದೆ. ಬಾಯಲ್ಲಿ ಏಲಕ್ಕಿ, ತಲೆಯಲ್ಲಿ ಬೀಡಿ. ಒಂಬತ್ತನೆಯ ದಿನ ಗಬ್ಬೂರಿಗೆ ಹೋಗಬೇಕಾಯಿತು. ಅಲ್ಲಿ ಯಂಕೋಬಣ್ಣ ಎಂಬ ರೈತ. ಹದಿನೈದು ವರ್ಷದಿಂದ ಅವನ ಹತ್ತಿ ನಾನೇ ನೋಡುತ್ತಿದ್ದೆ. ಮಾತು ಕಡಿಮೆ, ಮಾನ ಹೆಚ್ಚು, ಸಿಟ್ಟು ಮೂಗಿನ ತುದಿಯಲ್ಲಿ. ನಮ್ಮ ಈ ವ್ಯವಹಾರದಲ್ಲಿ ಒಂದು ರೂಢಿ ಇತ್ತು. ದರ ಕುದುರಿದ ಮೇಲೆ ರಾಶಿಯಿಂದ ದೂರ, ಅಂಗಳಕ್ಕೆ ಬಂದು, ಇಬ್ಬರೂ ಒಂದೇ ಕಡ್ಡಿಯಲ್ಲಿ ಬೀಡಿ ಹಚ್ಚಬೇಕು. ಕಾಗದವಿಲ್ಲ, ರುಜುವಿಲ್ಲ. ಬೀಡಿ ಹಚ್ಚಿದರೆ ಮಾತು ಮುಗಿಯಿತು, ಇಬ್ಬರೂ ತಿರುಗಿ ಬೀಳುವಂತಿಲ್ಲ. ಹಚ್ಚಲಿಲ್ಲವೆಂದರೆ ಮಾಲಿನಲ್ಲಿ ಕುಂದು ಕಂಡಿದೆ ಎಂದರ್ಥ. ಬೀಡಿ ಬಿಡುವ ಗಡಿಬಿಡಿಯಲ್ಲಿ ಇದೊಂದನ್ನು ನಾನು ಮರೆತೇಬಿಟ್ಟಿದ್ದೆ.

ಅಂದು ಹತ್ತಿ ಚೆನ್ನಾಗಿತ್ತು, ದರವೂ ಒಪ್ಪಿಗೆಯಾಯಿತು. ಅಂಗಳಕ್ಕೆ ಬಂದು ಯಂಕೋಬಣ್ಣ ಬೀಡಿ ಚಾಚಿದ. ನಾನು ಹೊಸದಾಗಿ ಮಾಲೆ ಹಾಕಿದವರ ಠೀವಿಯಲ್ಲಿ ಕೈ ಅಡ್ಡ ಮಾಡಿ, “ಬ್ಯಾಡ,” ಎಂದೆ.

ಅವನ ಮುಖ ಬದಲಾಯಿತು. “ಬ್ಯಾಡ?”

“ಬ್ಯಾಡ ಯಂಕೋಬಣ್ಣ, ನಾ ಬಿಟ್ಟೀನಿ.”

“ಹದಿನೈದು ವರ್ಷ ಸೇದಿದವ್ರು ನನ್ನ ಅಂಗಳದಾಗ ನಿಂತ ಮ್ಯಾಲ ಬಿಟ್ರೇನು? ಮಾಲು ಮನಸಿಗೆ ಬರಲಿಲ್ಲಂದ್ರ ಬಾಯಿ ಬಿಟ್ಟು ಹೇಳ್ರಿ.”

ಕೀಲುಬೇನೆ, ಡಾಕ್ಟರಮ್ಮ ಎಂದು ನಾನು ಶುರುಮಾಡುವಷ್ಟರಲ್ಲಿ ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಮೂರನೆಯ ದಿನ ಅವನ ಹತ್ತಿ ಬೇರೆ ಮಿಲ್ಲಿಗೆ ಹೋಯಿತು. ಹಣದ ಮಾತು ಹಾಗಿರಲಿ, ಹದಿನೈದು ವರ್ಷದ ನಂಬಿಕೆ ಒಂದು ಬೀಡಿಯಲ್ಲಿ ಹೋಗಿತ್ತು. ಅವನು ಬಾಗಿಲು ಹಾಕಿಕೊಂಡ ಆ ದಿನವೇ ಗಬ್ಬೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಒಂದು ಕಟ್ಟು ಕೊಂಡೆ. ಬಸ್ಸು ಬರುವಷ್ಟರಲ್ಲಿ ನಾಲ್ಕು ಬೀಡಿ ಮುಗಿದಿದ್ದವು. ಅಪ್ಪಟ ಸುಖ ಸಿಕ್ಕಿತು. ಸುಳ್ಳು ಯಾಕೆ ಹೇಳಲಿ.

ಮನೆಗೆ ಬಂದೊಡನೆ ಶರಣಮ್ಮನಿಗೆ ವಾಸನೆ ಬಂತು. ಊಟಕ್ಕೆ ಬಡಿಸಿದಳು. ರೊಟ್ಟಿ ಮುರಿಯಲು ಬೆರಳಿಗೆ ಆಗದೆ ನಾನು ತಲೆ ತಗ್ಗಿಸಿ ಕೂತಾಗ, ಅವಳೇ ಮುರಿದು ಪಲ್ಲೆಯಲ್ಲಿ ಅದ್ದಿ ಕೊಟ್ಟಳು.

“ಎಲ್ಲಾ ಹಾಳಾತು ಬಿಡು,” ಎಂದೆ.

“ಎಂಟು ದಿನ ಬಿಟ್ಟಿದ್ರಲ್ಲ. ಆ ಎಂಟು ಎಲ್ಲಿ ಹೋಗ್ತಾವ? ಗಂಟಿನ್ಯಾಗ ಅದಾವ. ಒಂಬತ್ತನೇದು ನಾಳಿ ಮಾಡ್ರಿ.”

ಉಳಿದ ಕಟ್ಟನ್ನು ಬೆಳಿಗ್ಗೆ ಖಾಜಾಸಾಬರ ಡಬ್ಬಿಗೆ ಹಾಕಿದೆ.

ದಾರಿ ಸಿಕ್ಕಿದ್ದು ಮಾನ್ವಿಯಲ್ಲಿ, ಅದೂ ಆಕಸ್ಮಿಕವಾಗಿ. ಮಾನ್ವಿ ನಾನು ಹುಟ್ಟಿದ ಊರು. ಅಲ್ಲೊಬ್ಬ ರೈತ ಬೀಡಿ ಚಾಚಿದಾಗ ನನ್ನ ಎರಡೂ ಕೈಯಲ್ಲಿ ನಮೂನೆಯ ಹತ್ತಿ ಇತ್ತು. ಬೇಡ ಎನ್ನಲು ಬಾಯಿ ತೆರೆದವನಿಗೆ ಯಂಕೋಬಣ್ಣನ ಬಾಗಿಲು ನೆನಪಾಯಿತು. ತಲೆ ಬಗ್ಗಿಸಿ, “ಕಿವಿ ಮ್ಯಾಲ ಇಡಪಾ, ಕೈ ಖಾಲಿ ಇಲ್ಲ,” ಎಂದೆ. ಅವನು ಇಟ್ಟ. ತಾನು ಹಚ್ಚಿಕೊಂಡ. “ನೀವು?” ಎಂದ. “ನಂದು ನನ್ನ ಹತ್ರನ ಅದಲ್ಲ,” ಎಂದೆ. ಅವನು ನಕ್ಕ. ಮಾತು ಮುಗಿಯಿತು, ಮಾಲು ಮಿಲ್ಲಿಗೆ ಬಂತು.

ಅಲ್ಲಿಂದ ಮುಂದೆ ಎಲ್ಲ ಕಡೆ ಅದೇ ನನ್ನ ಪದ್ಧತಿಯಾಯಿತು. ಬೇಡ ಎನ್ನುವುದಿಲ್ಲ, ಹಚ್ಚುವುದೂ ಇಲ್ಲ. ಕೇಳಲು ಸುಲಭ. ಆದರೆ ಬಸ್ಸಿನಲ್ಲಿ ಎರಡು ತಾಸು, ಮೂಗಿನಿಂದ ಒಂದು ಗೇಣು ದೂರದಲ್ಲಿ ಬೀಡಿ ಇಟ್ಟುಕೊಂಡು ಕೂತು ನೋಡಿ, ಆಗ ಗೊತ್ತಾಗುತ್ತದೆ. ಎಷ್ಟೋ ಸಲ ಕೈ ಅಲ್ಲಿಯವರೆಗೆ ಹೋಗಿ ಕೂದಲು ಸವರಿ ವಾಪಸು ಬಂದಿದೆ. ರಾಯಚೂರಿಗೆ ಬಂದವನೇ ಮಿಲ್ಲಿನ ಗೇಟಿಗೆ ಹೋಗಿ ಖಾಜಾಸಾಬರ ಮುಂದೆ ಕಿವಿ ಬಗ್ಗಿಸುತ್ತಿದ್ದೆ. ಅವರು ಬೀಡಿ ತೆಗೆದು, ತುದಿ ಸುಟ್ಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, “ಕೋರಾ ಮಾಲು. ಪಾಸ್!” ಎಂದು ಡಬ್ಬಿಗೆ ಹಾಕುವರು. ಹತ್ತಿ ನೋಡುವವನ ಮಾಲನ್ನು ನೋಡುವವರು ಅವರು. ಆ ಪಾಸ್ ಎಂಬ ಮಾತಿಗಾಗಿ ನಾನು ಎಷ್ಟು ಆಸೆಪಡುತ್ತಿದ್ದೆನೆಂದರೆ, ಎರಡು ಬೀಡಿ ಸಿಕ್ಕ ದಿನ ಬೇಗ ಬೇಗ ನಡೆದು ಬರುತ್ತಿದ್ದೆ.

ಸಂಕ್ರಾಂತಿಯ ಹೊತ್ತಿಗೆ ಗೆಣ್ಣುಗಳ ಬಾವು ಇಳಿಯತೊಡಗಿತು. ಗುಳಿಗೆ ಅದೇ ಇತ್ತು, ಡಾಕ್ಟರಮ್ಮ ಹೆಚ್ಚಿಸಿರಲಿಲ್ಲ. ಎಂಟೂವರೆಗೆ ಬಿಡುತ್ತಿದ್ದ ಬೆರಳು ಎಂಟಕ್ಕೆ, ಆಮೇಲೆ ಏಳೂವರೆಗೆ ಬಿಡತೊಡಗಿದವು. ಇನ್ನೊಂದು ಲಾಭ ನಾನು ಎಣಿಸದೇ ಇದ್ದದ್ದು: ಮೂಗು ವಾಪಸು ಬಂತು. ಹತ್ತಿಗೆ ವಾಸನೆ ಇದೆ ಎಂಬುದನ್ನೇ ನಾನು ಮರೆತಿದ್ದೆ. ಬಿಸಿಲು ಕುಡಿದ ಹತ್ತಿಯದು ಒಂದು, ಮಂಜಿನಲ್ಲಿ ಬಿಡಿಸಿದ ಹತ್ತಿಯದು ಇನ್ನೊಂದು. ಒಂದು ಬೆಳಿಗ್ಗೆ ಶರಣಮ್ಮ ಗುಂಡಿ ಹಾಕಲು ಬಂದಾಗ, “ನಿಲ್ಲು,” ಎಂದೆ. ಮೊದಲ ಗುಂಡಿಗೆ ಬೆವರಿದೆ. ಐದೂ ಗುಂಡಿ ಹಾಕಿ ಮುಗಿಸುವಷ್ಟರಲ್ಲಿ ಅವಳ ಒಲೆಯ ಮೇಲಿನ ಅವಲಕ್ಕಿ ಸೀದುಹೋಗಿತ್ತು. ಅವಳು ಅತ್ತ ನೋಡಲೂ ಇಲ್ಲ. ಸೀದ ಅವಲಕ್ಕಿಯನ್ನು ಇಬ್ಬರೂ ಕೂತು ತಿಂದೆವು. ನನಗೆ ಅಷ್ಟು ಹೆಮ್ಮೆ ಮದುವೆಯ ದಿನವೂ ಆಗಿರಲಿಲ್ಲ.

ಶಿವರಾತ್ರಿಗೆ ನಾಲ್ಕು ದಿನವಿರುವಾಗ, ಕೊನೆಯ ಬಿಡಿಸುವಿಕೆಯ ಹತ್ತಿ ಟ್ರ್ಯಾಕ್ಟರಿಗೆ ಹೇರಿಕೊಂಡು ಯಂಕೋಬಣ್ಣ ತಾನೇ ಮಿಲ್ಲಿಗೆ ಬಂದ. ನನ್ನ ಕೀಲುಬೇನೆಯ ಸುದ್ದಿ ಮಾನ್ವಿ ಕಡೆಯ ಬೀಗರಿಂದ ಅವನಿಗೆ ಮುಟ್ಟಿತ್ತಂತೆ. ಆದರೂ ಬಿಗುಮಾನ ಬಿಟ್ಟಿರಲಿಲ್ಲ. ಸಾವ್ಕಾರರೂ ಅಂಗಳದಲ್ಲಿ ನಿಂತಿದ್ದರು. ಯಂಕೋಬಣ್ಣ ಒಂದು ಹಿಡಿ ಹತ್ತಿ ಕಿತ್ತು ನನ್ನ ಮುಂದೆ ಹಿಡಿದ.

“ನೋಡ್ರಿ. ಕೈ ಆಡ್ತಾವೇನು?”

ಚಿಟಿಕೆ ಹಿಡಿದೆ. ಮೊದಲ ಸಲ ಡೊಂಕು ಬೆರಳು ಅಡ್ಡ ಬಂದು ಹತ್ತಿ ಜಾರಿತು. ಎರಡನೆಯ ಸಲ ಆ ಬೆರಳನ್ನು ಮಡಚಿ ಹೊರಗಿಟ್ಟು, ಹೆಬ್ಬೆರಳು ತೋರುಬೆರಳಿನಲ್ಲೇ ಹಿಡಿದು ಎಳೆದೆ. ಹತ್ತಿ ಎರಡಾಯಿತು. ಒಂದರ ಮೇಲೊಂದಿಟ್ಟು ಮತ್ತೆ ಎಳೆದೆ, ಮತ್ತೆ ಎಳೆದೆ. ಐದನೆಯ ಸಲಕ್ಕೆ ಎಳೆಗಳು ಸಾಲಾಗಿ ನಿಂತವು. ಕೈಯೊಳಗೆ ಆ ಹಳೆಯ ಜಗ್ಗು ತಿಳಿಯಿತು. ಕಣ್ಣು ಮಂಜಾಯಿತು, ಅದನ್ನು ಹತ್ತಿಯ ಧೂಳಿನ ಮೇಲೆ ಹಾಕಿದೆ.

“ಎಳಿ ಉದ್ದ ಮೂವತ್ತು ಮಿಲಿಮೀಟರಕ್ಕ ಒಂದೀಟು ಕಡಿಮಿ ಅದ. ಕಸುವು ಛಲೋ ಅದ,” ಎಂದೆ. ಆಮೇಲೆ ಟ್ರ್ಯಾಕ್ಟರಿನ ಹಿಂದೆ ಹೋಗಿ ಕೆಳಗಿನ ಅಂಡಿಗೆಗಳಿಗೆ ಮೂಗು ಹಚ್ಚಿದೆ. “ಯಂಕೋಬಣ್ಣ, ಇವೆರಡು ಮಂಜಿನ್ಯಾಗ ಬಿಡಿಸೀರಿ. ಎರಡು ದಿನ ಬಿಸಲಿಗೆ ಹಾಕ್ಬೇಕು.”

ಅವನು ನನ್ನನ್ನೇ ನೋಡಿದ. “ಹೌದು. ಮಂದಿ ಸಿಗಲಿಲ್ಲ, ನಸುಕಿನ್ಯಾಗ ನಾವ ಬಿಡಿಸಿದ್ವಿ. ಮುಟ್ಟದಽ ಹೇಳಿದ್ರಲ್ಲ!”

ಸಾವ್ಕಾರರು ಕೆಳಗಿನ ಅಂಡಿಗೆಯಿಂದ ಒಂದು ಕಾಳು ತೆಗೆದು ತಾವೇ ಕಡಿದು ನೋಡಿದರು. ಮೆತ್ತಗೆ ಕುಸಿಯಿತು. ಉಗುಳಿ, “ಕಾಟಾಕ್ಕ ಬ್ಯಾರೆಯವ್ರನ್ನ ನೋಡ್ಬೇಕು,” ಎಂದಷ್ಟೇ ಹೇಳಿ ಒಳಗೆ ಹೋದರು.

ದರ ಮುಗಿದ ಮೇಲೆ ಯಂಕೋಬಣ್ಣ ನನ್ನ ಮುಂಗೈ ಹಿಡಿದು ಗೇಟಿಗೆ ಕರೆದೊಯ್ದ. ಖಾಜಾಸಾಬರಿಂದ ತನ್ನ ಕಟ್ಟು ಇಸಿದುಕೊಂಡ.

“ಗೇಟಿನ ಹತ್ರ ಹಚ್ಚಂಗಿಲ್ಲ ನೋಡ್ರಿ,” ಎಂದರು ಖಾಜಾಸಾಬ್.

“ಯಾರ ಹಚ್ಚಾಕತ್ತಾರ?” ಎಂದ ಯಂಕೋಬಣ್ಣ. ಒಂದು ಬೀಡಿ ನನ್ನ ಕಿವಿಯ ಮೇಲಿಟ್ಟ. ಇನ್ನೊಂದನ್ನು ತುಟಿಯ ತನಕ ಒಯ್ದು, ತುಸು ಹೊತ್ತು ಹಾಗೇ ಹಿಡಿದು, ತನ್ನ ಕಿವಿಯ ಮೇಲೂ ಇಟ್ಟುಕೊಂಡ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಇಬ್ಬರು ಐವತ್ತರ ಹತ್ತಿರದ ಗಂಡಸರು ಕಿವಿ ಮೇಲೆ ಬೀಡಿ ಇಟ್ಟುಕೊಂಡು ಮುಖ ಮುಖ ನೋಡುತ್ತ ನಿಂತೆವು.

ಆಮೇಲಿನ ಆರು ಸುಗ್ಗಿಯಲ್ಲೂ ಹತ್ತಿ ನೋಡುವವನು ನಾನೇ. ರೋಗ ಹೋಗಿಲ್ಲ, ಹೋಗುವ ಜಾತಿಯದಲ್ಲ. ಗುಳಿಗೆ ನಡೆದಿದೆ, ಡೊಂಕಾದ ಎರಡು ಡೊಂಕಾಗೇ ಇವೆ. ಎಂಟು ನನ್ನ ಮಾತು ಕೇಳುತ್ತವೆ.

ಮೊನ್ನೆ ಗಬ್ಬೂರಿನ ಆ ರೈತನನ್ನು ಕೇಳಿದೆ, “ಹಚ್ಚಂಗಿಲ್ಲೇನಪಾ?”

“ಇಲ್ರಿ, ಹತ್ತಿ ವ್ಯಾಪಾರಕ್ಕ ಹಚ್ಚಬಾರದು. ಕಿವಿ ಮ್ಯಾಲ ಇಟ್ರ ಮಾತು ಮುಗೀತು. ನಮ್ಮ ಕಡಿ ಇದು ಹಿಂದಿಂದ ಬಂದದ್ದು,” ಎಂದ, ತಿಳಿಯದವನಿಗೆ ತಿಳಿಸಿ ಹೇಳುವಂತೆ.

“ಎಷ್ಟು ಹಿಂದಿಂದ?”

“ನಮ್ಮಜ್ಜನ ಕಾಲದಿಂದ್ರೀ.”

“ಹೌದಾ,” ಎಂದೆ. ಬಸ್ಸಿನಲ್ಲಿ ರಾಯಚೂರಿನವರೆಗೂ ಒಬ್ಬನೇ ನಗುತ್ತ ಬಂದೆ. ಪಕ್ಕದವರು ಸರಿದು ಕೂತರು.

ಮನೆಯಲ್ಲಿ ಶರಣಮ್ಮನಿಗೆ ಹೇಳಿದೆ. ಅವಳು ನನ್ನ ಕಿವಿಯಿಂದ ಬೀಡಿ ತೆಗೆದು, ತುದಿಯನ್ನು ಬೆಳಕಿಗೆ ಹಿಡಿದು ನೋಡಿ, “ಅಜ್ಜನ ಕಾಲದ್ದಂತೇನು! ಕನ್ನಡಿ ನೋಡ್ಕೋರ್ರಿ, ಆ ಅಜ್ಜ ನೀವ ಅದೀರಿ,” ಎಂದಳು.

ನೋಡಿಕೊಂಡೆ. ಕೂದಲು ಬೆಳ್ಳಗಾಗಿತ್ತು, ಅಂಗಿಗೆಲ್ಲ ಹತ್ತಿಯ ಧೂಳು. ಕುತ್ತಿಗೆಯಿಂದ ಕೆಳಗಿನವರೆಗೆ ಐದು ಗುಂಡಿಗಳೂ ಸರಿಯಾಗಿ ಹಾಕಿದ್ದವು. ಬೆಳಿಗ್ಗೆ ಆರೂವರೆಗೆ ನಾನೇ ಹಾಕಿಕೊಂಡದ್ದು.